ಏಳೂವರೆ ಗಂಟೆಯ ಸೌಟು

ಆ ಮನೆಯಲ್ಲಿ ರಾತ್ರಿ ಊಟ ಏಳೂವರೆಗೆ. ಗಡಿಯಾರ ತಪ್ಪಿದರೂ ಮಾವ ತಪ್ಪುವವರಲ್ಲ. ಅವರು ಕೈ ತೊಳೆದು ಮೇಜಿನ ಮುಂದೆ ಕೂತರೆಂದರೆ ಎದುರಿಗೆ ಮಗ ಕೂರಬೇಕು, ಪಕ್ಕದಲ್ಲಿ ಸೊಸೆ ಸೌಟು ಹಿಡಿದು ನಿಲ್ಲಬೇಕು. ಗಂಡಸರು ಎದ್ದ ಮೇಲೆ ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು, ಅಷ್ಟರಲ್ಲಿ ಆರಿ ತಣ್ಣಗಾದದ್ದನ್ನು ಉಣ್ಣಬೇಕು. ಸೊಸೆ ಮನೆ ತುಂಬಿದ ದಿನವೇ ಅತ್ತೆ ಸೌಟನ್ನು ಅವಳ ಕೈಗಿತ್ತು, "ಇನ್ನು ಇದನ್ನ ನಾನು ಮುಟ್ಟೋ ಹಾಗಿಲ್ಲ. ಸೊಸೆ ಬಂದ ಮೇಲೂ ಅತ್ತೆ ಬಡಿಸಿದರೆ ನೋಡಿದೋರು ಆಡ್ಕೊಳ್ತಾರೆ" ಎಂದಿದ್ದರು. ಗಂಡಸರು ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ಹೀಗಾಗಿ ನಾಲ್ಕು ಜನರ ಮನೆಯಲ್ಲಿ ಸೌಟು ಹಿಡಿಯುವ ಯೋಗ್ಯತೆ ಇದ್ದದ್ದು ಒಂದೇ ಕೈಗೆ.

ತಮಾಷೆಯೆಂದರೆ, ಮಾವ ಜೀವಮಾನವೆಲ್ಲ ಮಾಡಿದ್ದು ಬಡಿಸುವ ಕೆಲಸವನ್ನೇ. ಆಸ್ಪತ್ರೆಯೊಂದರಲ್ಲಿ ಮೂವತ್ತೆರಡು ವರ್ಷ ಊಟದ ಗಾಡಿ ತಳ್ಳಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗಿ, ದಿನಕ್ಕೆ ಇನ್ನೂರು ರೋಗಿಗಳಿಗೆ ಒಂದು ಹನಿ ಚೆಲ್ಲದಂತೆ ಬಡಿಸಿದವರು. ಅಲ್ಲಿನವರು ಅವರನ್ನು ಕರೆಯುತ್ತಿದ್ದದ್ದೇ ಸೌಟಣ್ಣ ಎಂದು. ಮನೆಯಲ್ಲಿ ಮಾತ್ರ ಒಂದು ಲೋಟ ನೀರಿಗೂ ಕೂಗು. ಯಾರಾದರೂ ಕೆಣಕಿದರೆ, "ಅದು ನೌಕರಿ, ಇದು ಮನೆ" ಎಂದು ಮೀಸೆ ತಿರುವುತ್ತಿದ್ದರು.

ಸೊಸೆ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಕಡಿಮೆ ಉಜ್ಜಿದರೆ ಬಿರುಕು. ಊರಿನ ಅರ್ಧ ಜನ ಅಕ್ಷರ ಓದುತ್ತಿದ್ದದ್ದು ಅವಳ ಕೈಚಳಕದಿಂದ. ಆದರೆ ಅವಳದೇ ಓದು ನಡುದಾರಿಯಲ್ಲಿ ನಿಂತಿತ್ತು. ಪದವಿಯ ಎರಡು ವರ್ಷ ಮುಗಿದಿದ್ದಾಗ ಮದುವೆಯಾಯಿತು. ಉಳಿದ ಒಂದು ವರ್ಷ ಒಂಬತ್ತು ವರ್ಷದಿಂದ ಹಾಗೆಯೇ ಬಾಕಿ. ಅಂಗಡಿಯಿಂದ ಎರಡು ಬೀದಿಯಾಚೆ ಸಂಜೆ ಕಾಲೇಜು ಶುರುವಾದಾಗ ಅವಳು ಯಾರನ್ನೂ ಕೇಳದೆ ಅರ್ಜಿ ಹಾಕಿದಳು, ಆಮೇಲೆ ಗಂಡನಿಗೆ ಹೇಳಿದಳು.

ಗಂಡ ಲಿಫ್ಟ್ ರಿಪೇರಿಯವನು. ಹತ್ತು ಅಂತಸ್ತಿನ ಲಿಫ್ಟ್ ಕೆಟ್ಟರೂ ಹೆದರದವನು ಅಮ್ಮನ ಮುಖ ಕೆಟ್ಟರೆ ಹೆದರುತ್ತಿದ್ದ. "ನನ್ನದೇನೂ ಅಡ್ಡಿಯಿಲ್ಲ ಮಾರಾಯ್ತಿ. ಅಮ್ಮನ್ನ ನೀನೇ ಒಪ್ಪಿಸ್ಕೋ" ಎಂದು ಜಾರಿಕೊಂಡ.

"ಕಾಲೇಜು ಬಿಡೋದು ಎಷ್ಟೊತ್ತಿಗೆ?" ಅತ್ತೆ ಕೇಳಿದರು.

"ಎಂಟೂ ಕಾಲಿಗೆ ಅತ್ತೆ."

"ಏಳೂವರೆಗೆ ಬಡಿಸೋರು ಯಾರು?"

"ಅಡುಗೆ ಬೆಳಿಗ್ಗೇನೇ ಮಾಡಿಟ್ಟು ಹೋಗ್ತೀನಿ. ಬಿಸಿ ಮಾಡ್ಕೊಂಡು ಹಾಕ್ಕೊಂಡರೆ ಆಯ್ತು."

"ಹಾಕ್ಕೊಳ್ಳೋದಾ!" ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಈ ಮನೆ ಗಂಡಸರು ಇದುವರೆಗೆ ಹಾಕ್ಕೊಂಡು ಉಂಡಿಲ್ಲ ಕಣೇ. ನೀನು ಓದಿ ಯಾವ ರಾಜ್ಯ ಆಳಬೇಕು?"

"ರಾಜ್ಯ ಬೇಡ ಅತ್ತೆ. ಶುರು ಮಾಡಿದ್ದನ್ನ ಮುಗಿಸಬೇಕು, ಅಷ್ಟೇ."

ಮೊದಲ ದಿನ ಅವಳು ಎಂಟೂವರೆಗೆ ಮನೆಗೆ ಬಂದಾಗ ಕಂಡ ದೃಶ್ಯವನ್ನು ನೆನೆದು ಇವತ್ತಿಗೂ ನಗುತ್ತಾಳೆ. ಮೇಜಿನ ಮೇಲೆ ಅನ್ನವಿದೆ, ಸಾರಿದೆ, ಪಲ್ಯವಿದೆ, ಸೌಟೂ ಇದೆ. ಸುತ್ತ ಮೂರು ಜನ ಹಸಿದು ಕೂತಿದ್ದಾರೆ. ಮಾವ ಬೆಳಗಿನ ಪತ್ರಿಕೆಯ ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದಿ ಮುಗಿಸಿದ್ದರು. ಗಂಡನ ಹೊಟ್ಟೆ ತಾಳ ಹಾಕುವುದು ಬಾಗಿಲವರೆಗೂ ಕೇಳುತ್ತಿತ್ತು. ಕೈಗೆಟಕುವ ಅನ್ನದ ಮುಂದೆ ಉಪವಾಸ ಕೂತ ಜನರನ್ನು ಅವಳು ಅದೇ ಮೊದಲು ನೋಡಿದ್ದು. ನಗು ನುಂಗಿಕೊಂಡು ಬಡಿಸಿದಳು.

ಆದರೆ ದಿನವೂ ನಗಲಾಗುತ್ತದೆಯೇ? ಮಾರನೆಯ ದಿನದಿಂದ ಅವಳು ಏಳಕ್ಕೇ ತರಗತಿಯಿಂದ ಎದ್ದು ಓಡಿಬರತೊಡಗಿದಳು. ಎರಡು ತಿಂಗಳು ಸುಮ್ಮನಿದ್ದ ಮೇಷ್ಟ್ರು ಕೊನೆಗೊಂದು ದಿನ ಬಾಗಿಲಲ್ಲಿ ತಡೆದರು. "ತಾಯೀ, ಇನ್ನು ನಾಲ್ಕು ಸಲ ಹೀಗೆ ಎದ್ದು ಹೋದರೆ ಹಾಜರಿ ಸಾಲದು. ಪರೀಕ್ಷೆಗೆ ಕೂರೋಕೆ ಬಿಡೋದಿಲ್ಲ. ಬುದ್ಧಿ ಇರೋರು ಒಂದು ಸೌಟಿಗೋಸ್ಕರ ವರ್ಷ ಕಳ್ಕೋತಾರಾ?"

ಅಂದಿನಿಂದ ಅವಳು ತರಗತಿಯ ನಡುವೆ ಏಳಲಿಲ್ಲ. ಮನೆಯವರೂ ಪಟ್ಟು ಬಿಡಲಿಲ್ಲ. ಏಳೂವರೆಯ ಊಟ ಎಂಟೂವರೆಗೆ ಜಾರಿತು, ಅತ್ತೆಯ ಊಟ ಒಂಬತ್ತೂವರೆಗೆ. ಅತ್ತೆಗೆ ಹದಿನೈದು ವರ್ಷದಿಂದ ಹೊಟ್ಟೆ ಹುಣ್ಣು. ದಿನವೂ ಸಂಜೆಯಾದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗುತ್ತಿದ್ದರು. "ನೀವಾದರೂ ಮೊದಲು ಒಂದು ತುತ್ತು ತಿನ್ನಿ ಅತ್ತೆ" ಎಂದು ಸೊಸೆ ಗೋಗರೆದರೆ, "ಗಂಡಸರು ಉಣ್ಣೋ ಮುಂಚೆ ಹೆಂಗಸು ಉಣ್ಣೋದುಂಟಾ? ನಮ್ಮತ್ತೆ ನೋಡಿದ್ರೆ ಎದೆ ಒಡ್ಕೋತಿದ್ರು" ಎನ್ನುತ್ತಿದ್ದರು. ಆ ಅತ್ತೆ ಸತ್ತು ಇಪ್ಪತ್ತು ವರ್ಷವಾಗಿತ್ತು. ಸತ್ತವರಿಗೆ ಹೆದರಿ ಬದುಕಿದ್ದವರು ಹಸಿದಿರುವುದಕ್ಕೆ ನಾವು ಸಂಪ್ರದಾಯ ಎಂದು ಹೆಸರಿಟ್ಟಿದ್ದೇವೆ!

ಕೊನೆಯ ಪರೀಕ್ಷೆಗೆ ಎರಡು ದಿನವಿದ್ದಾಗ ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದರು. ವೈದ್ಯರು ಸೂಜಿ ಚುಚ್ಚಿ ಗದರಿಕೊಂಡರು: "ಈ ಹೊಟ್ಟೆ ಇಟ್ಕೊಂಡು ಯಾರಿಗಾಗಿ ಕಾಯ್ತೀರಮ್ಮ? ಹೊತ್ತಿಗೆ ಸರಿಯಾಗಿ ಉಣ್ಣಿ. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿರಲ್ಲ."

ಮನೆಗೆ ಬಂದವನೇ ಗಂಡ ಸಿಡಿದ. "ಎಲ್ಲಾ ನಿನ್ನ ಕಾಲೇಜಿನಿಂದ! ನಾಡಿದ್ದು ಪರೀಕ್ಷೆಗೆ ಹೋಗಬೇಡ."

ಅವಳ ಕಣ್ಣು ತುಂಬಿತು, ಮಾತು ಮಾತ್ರ ತಡವರಿಸಲಿಲ್ಲ. "ನನ್ನ ಕಾಲೇಜಿಗೆ ಹತ್ತು ತಿಂಗಳು. ಅತ್ತೆ ಹುಣ್ಣಿಗೆ ಹದಿನೈದು ವರ್ಷ. ಯಾವುದು ಯಾವುದರಿಂದ ಬಂತು ಅಂತ ನೀವೇ ಲೆಕ್ಕ ಹಾಕಿ. ಊಟ ತಡ ಆಗಿದ್ದು ನಿಜ. ಆದರೆ ಮೂರು ಜನರ ಆರು ಕೈ ಇಲ್ಲೇ ಇದ್ದವಲ್ಲ?"

ಗಂಡ ತನ್ನ ಕೈಗಳನ್ನೇ ನೋಡಿಕೊಂಡ. ಅವಳು ಮಾವನ ಕಡೆ ತಿರುಗಿದಳು. "ಮಾವ, ಆಸ್ಪತ್ರೇಲಿ ರೋಗಿಗೆ ಊಟ ತಡ ಆದ್ರೆ ಏನ್ಮಾಡ್ತಿದ್ರಿ?"

"ತಡ ಆಗೋಕೆ ಬಿಡ್ತಿದ್ನಾ!" ಮಾವ ಸೆಟೆದು ಕೂತರು. "ಮೂವತ್ತೆರಡು ವರ್ಷದಲ್ಲಿ ಗಾಡಿ ಒಂದು ನಿಮಿಷ ತಡ ಆಗಿಲ್ಲ. ಹಬೆ ಇಲ್ಲದ ಸಾರು ನಾನು ಬಡಿಸಿದೋನಲ್ಲ."

"ಈ ಮನೇಲೂ ಒಬ್ಬ ರೋಗಿ ಇದಾರೆ ಮಾವ. ನಿಮ್ಮ ಗಾಡಿ ಅವರ ಹತ್ರ ಮಾತ್ರ ಬರಲಿಲ್ಲ."

ಅವಳು ಸೌಟನ್ನು ತಂದು ಮೇಜಿನ ನಡುವೆ ಇಟ್ಟಳು. "ನಾಡಿದ್ದು ಪರೀಕ್ಷೆ ಬರೆದೇ ಬರ್ತೀನಿ. ಇನ್ಮೇಲೆ ನಿಂತು ಬಡಿಸೋದಿಲ್ಲ. ಎಲ್ಲರ ಜೊತೆ ಕೂತು ಉಣ್ತೀನಿ. ಇಲ್ಲಾಂದ್ರೆ ಈ ಸೌಟು ಇಲ್ಲೇ ಇರಲಿ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಅತ್ತೆ ಹಾಸಿಗೆಯಿಂದಲೇ ನಿಟ್ಟುಸಿರಿಟ್ಟರು. ಎರಡು ದಿನ ಯಾರೂ ಸೌಟು ಮುಟ್ಟಲಿಲ್ಲ. ಬ್ರೆಡ್ಡು, ಹಣ್ಣಿನಲ್ಲೇ ದಿನ ತಳ್ಳಿದರು.

ಪರೀಕ್ಷೆಯ ಸಂಜೆ ಅವಳು ಮೂರು ಗಂಟೆ ತಲೆಯೆತ್ತದೆ ಬರೆದಳು. ನಡುವೆ ಏಳೂವರೆಯ ಗಂಟೆ ಬಾರಿಸಿದಾಗ ಕೈ ತಾನಾಗಿ ಒಮ್ಮೆ ನಿಂತಿತು. ಆಮೇಲೆ ಮುಂದಿನ ಪ್ರಶ್ನೆಗೆ ಹೋಯಿತು. ಎಂಟೂವರೆಗೆ ಮನೆಯ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದರೆ ಸಾರಿನ ಘಮ! ಮಾವ ನಿವೃತ್ತಿಯ ದಿನ ಪೆಟ್ಟಿಗೆಗೆ ಸೇರಿಸಿದ್ದ ಬಿಳಿ ಏಪ್ರನ್ ಕಟ್ಟಿಕೊಂಡು, ಸೌಟು ಹಿಡಿದು ಸೈನಿಕನಂತೆ ನಿಂತಿದ್ದರು. ಗಂಡ ಪಾತ್ರೆ ತೊಳೆಯುವ ಬಚ್ಚಲಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡಿದ್ದ. ಮೇಜಿನ ಮುಂದೆ, ಮಾವ ದಿನವೂ ಕೂರುತ್ತಿದ್ದ ಕುರ್ಚಿಯಲ್ಲಿ, ಅತ್ತೆ ಕೂತಿದ್ದರು.

"ಏಳೂವರೆಗೇ ಬಡಿಸಿದೆ, ಒಂದು ನಿಮಿಷ ತಡ ಇಲ್ಲ. ಇವಳು ಒಂದು ಗಂಟೆಯಿಂದ ಮುಟ್ಟಲೇ ಇಲ್ಲ ನೋಡು, ನೀನು ಬರಲಿ ಅಂತ ಹಟ. ಎರಡು ಸಲ ಬಿಸಿ ಮಾಡಿದ್ದೀನಿ" ಎಂದು ಮಾವ ದೂರು ಹೇಳುತ್ತಲೇ ಮತ್ತೊಂದು ಸೌಟು ಸಾರು ಹಾಕಿದರು. ಒಂದು ಹನಿಯೂ ಚೆಲ್ಲಲಿಲ್ಲ. ಸೊಸೆ ಕೈ ತೊಳೆದು ಪಕ್ಕದಲ್ಲಿ ಕೂತಳು.

ಅತ್ತೆ ಕಲಸಿ ಒಂದು ತುತ್ತು ಬಾಯಿಗಿಟ್ಟವರೇ "ಹಾ!" ಎಂದು ಕೂಗಿದರು. ನಾಲಿಗೆ ಸುಟ್ಟಿತ್ತು. ಗಂಡ ನೊರೆಗೈಯಲ್ಲೇ ನೀರಿನ ಲೋಟ ಹಿಡಿದು ಓಡಿಬಂದ.

"ಊದಿಕೊಂಡು ತಿನ್ನಬೇಕು ಕಣೇ" ಎಂದು ಮಾವ ಗಾಬರಿಯಾದರು. "ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಅಷ್ಟೂ ಗೊತ್ತಿಲ್ವಾ?"

ಅತ್ತೆ ನೀರು ಕುಡಿದು ತಟ್ಟೆಯಿಂದೇಳುವ ಹಬೆಯನ್ನೇ ನೋಡಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಸೊಸೆಗೆ ತಿಳಿಯಲಿಲ್ಲ.

"ನೀವು ಗಂಡಸರು ಉಣ್ಣುತ್ತಿದ್ದ ಸಾರು ದಿನಾ ಇಷ್ಟು ಬಿಸಿ ಇರ್ತಿತ್ತಾ?" ಎಂದು ಕೇಳಿದರು.

ಮಾವ ಸೌಟು ಕೆಳಗಿಟ್ಟು, ಬಗ್ಗಿ, ಹೆಂಡತಿಯ ತಟ್ಟೆಯ ಮೇಲೆ ಮೆಲ್ಲಗೆ ಊದತೊಡಗಿದರು.