ಬಾಲದವರೆಗಿನ ಅಳತೆ

ಹೃದಯದ ಸ್ಕ್ಯಾನ್, ಅಂದರೆ ಎಕೋ ತೆಗೆಯುವ ಆ ಹೆಂಗಸನ್ನು ಇಡೀ ಆಸ್ಪತ್ರೆ ಸ್ಕೇಲಮ್ಮ ಎಂದೇ ಕರೆಯುತ್ತಿತ್ತು. ಅವಳ ಅಳತೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. "ಇನ್ನೊಂದ್ಸಲ ಅಳೀತೀರಾ?" ಎಂದು ಯಾರಾದರೂ ಕೇಳಿದರೋ, ಅವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಈಗ ಮೇಜಿನ ಮೇಲಿದ್ದವಳು ಹೆತ್ತು ಹನ್ನೊಂದು ದಿನವಾದ ಬಾಣಂತಿ. ಹೆರಿಗೆಯ ಬೆನ್ನಿಗೇ ಹೃದಯ ಸೋತು ಕೈಚೆಲ್ಲಿತ್ತು. ಡಾಕ್ಟರು ತೊಡೆಯ ರಕ್ತನಾಳದಿಂದ ಪುಟ್ಟ ಪಂಪೊಂದನ್ನು ಹೃದಯದೊಳಕ್ಕೆ ತೂರಿಸಿದ್ದರು. ರಕ್ತ ಹೀರುವ ಅದರ ಬಾಯಿ ಕವಾಟದಿಂದ ಮೂರೂವರೆ ಸೆಂಟಿಮೀಟರ್ ಒಳಗಿರಬೇಕು. ಬಾಯಿಯ ಆಚೆಗೆ ಸುರುಳಿ ಸುತ್ತಿದ ಬಾಲ. ಯಾವುದು ಎಲ್ಲಿದೆ ಎಂದು ಎಕೋ ಪರದೆ ನೋಡಿ ಹೇಳುವುದು ಸ್ಕೇಲಮ್ಮನ ಕೆಲಸ.

"ಮೂರೂವರೆ," ಎಂದಳು.

"ಸ್ಕೇಲಮ್ಮ ಹೇಳಿದ್ಮೇಲೆ ಮುಗೀತು," ಎಂದು ಡಾಕ್ಟರು ಪಂಪನ್ನು ಬಿಗಿ ಮಾಡಿ ಗ್ಲೌಸ್ ಕಳಚಿದರು.

ಐದು ನಿಮಿಷ ಆಗಿರಲಿಲ್ಲ, ಯಂತ್ರದ ಅಲಾರಂ ಬಡಿದುಕೊಳ್ಳತೊಡಗಿತು. ಬಿ.ಪಿ. ಅರವತ್ತು. ಐವತ್ತೆರಡು.

"ಪಂಪಿನ ವೇಗ ಏರಿಸಿ," ಎಂದರು ಡಾಕ್ಟರು.

ಸ್ಕೇಲಮ್ಮ ಪ್ರೋಬನ್ನು ಬಾಣಂತಿಯ ಎದೆಗೊತ್ತಿ ತುಸು ಓರೆ ಮಾಡಿದಳು. ಪರದೆ ನೋಡಿದೊಡನೆ ಗೊತ್ತಾಯಿತು. ಆಗ ಅಳೆದದ್ದು ಬಾಯಿಯವರೆಗಲ್ಲ, ಬಾಲ ಶುರುವಾಗುವ ಜಾಗದವರೆಗೆ. ಮಬ್ಬು ಚಿತ್ರದಲ್ಲಿ ಎರಡೂ ಒಂದೇ ಥರ ಬೆಳ್ಳಗೆ ಹೊಳೆಯುತ್ತವೆ, ಹುಷಾರು ಎಂದು ಹೊಸಬರ ತಲೆ ತಿನ್ನುತ್ತಿದ್ದವಳೂ ಇವಳೇ ತಾನೆ? ಬಾಯಿ ಕವಾಟದ ಹತ್ತಿರವೇ ಉಳಿದಿತ್ತು. ವೇಗ ಏರಿಸಿದರೆ ಪಂಪು ಹೊರಕ್ಕೇ ಜಾರುತ್ತದೆ, ಹುಡುಗಿ ಉಳಿಯುವುದಿಲ್ಲ.

ಇಪ್ಪತ್ತೆರಡು ವರ್ಷ ಉಳಿಸಿಕೊಂಡು ಬಂದ ಹೆಸರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಏರಿಸ್ಬೇಡಿ ಸಾರ್. ನಂದೇ ತಪ್ಪು. ಬಾಲದವರೆಗೆ ಅಳೆದ್ಬಿಟ್ಟೆ. ವೇಗ ಇಳಿಸಿ, ಎರಡು ಸೆಂಟಿಮೀಟರ್ ಒಳಗೆ ತಳ್ಳಿ."

ಡಾಕ್ಟರು ದುರುಗುಟ್ಟಿದರು. ಬೈಯಲು ಪುರುಸೊತ್ತೆಲ್ಲಿ? ಹೊಸ ಗ್ಲೌಸ್ ಏರಿಸಿ ತಳ್ಳಿದರು.

"ಇನ್ನೂ... ಇನ್ನೊಂಚೂರು... ಸಾಕು."

ಐವತ್ತು. ಅರವತ್ತೆಂಟು. ಎಪ್ಪತ್ತೊಂಬತ್ತು. ಯಂತ್ರ ಸುಮ್ಮನಾಯಿತು.

ಹೊರಗೆ ಬಾಣಂತಿಯ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಅಳತೆ ನೋಡೋರು ನೀವೇ ಅಂತೆ. ಎಲ್ಲ ಸರಿಯಾಯ್ತೇನಮ್ಮ?"

ಹೂಂ ಅಂದುಬಿಡಬಹುದಿತ್ತು. ಸ್ಕೇಲಮ್ಮನಿಗೆ ಮನಸ್ಸು ಬರಲಿಲ್ಲ.

"ಮೊದಲು ತಪ್ಪು ಅಳೆದಿದ್ದೆ ಅಮ್ಮಾ. ಈಗ ಸರಿಯಾಗಿದೆ. ಎರಡು ಸಲ ನೋಡ್ದೆ."

ತಾಯಿ ಬೈಯಲಿಲ್ಲ, ಅಳಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂಸಿನ ಬೆನ್ನು ತಟ್ಟಿದಳು.

"ಇನ್ನೊಂದ್ಸಲ ಅಳೆದು ಬಾ ತಾಯಿ."

ಸ್ಕೇಲಮ್ಮ ಮತ್ತೆ ಅಳೆಯಲು ಬಾಗಿಲು ತಳ್ಳಿ ಒಳಗೆ ಹೋದಳು.