ಕುರಿಮರಿಗಾಗುವಷ್ಟು ಬೆಣ್ಣೆ

ಸದ್ದು ನಿಂತುಬಿಟ್ಟಿತು, ಇಷ್ಟು ಹೊತ್ತು ಭರಣಿಯೊಳಗೆ ಗುಳುಗುಳು ಎನ್ನುತ್ತಿದ್ದ ಕೆನೆ ಈಗ ಮಾತೇ ಬಿಟ್ಟಿದೆ, ತಿಮೆಕ್ ಭರಣಿಯನ್ನು ಕಿವಿಗೆ ಒತ್ತಿ ಹಿಡಿದು ಕಣ್ಣರಳಿಸುತ್ತಾನೆ, ಚಿಕ್ಕಮ್ಮಾ ಇದು ಸತ್ತೋಯ್ತು, ಸತ್ತಿಲ್ಲ ಕಣೋ, ದಪ್ಪ ಆಗಿದೆ ಅಷ್ಟೆ, ಅಲ್ಲಾಡಿಸ್ತಾ ಇರು, ಬಿಡಬೇಡ — ಈ ಹುಡುಗನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ, ಬ್ಯಾಟರಿ ಮುಗಿದ ಆಟದ ಕಾರೂ ಸತ್ತದ್ದೇ, ನೀರು ಬಾರದ ನಲ್ಲಿಯೂ ಸತ್ತದ್ದೇ, ಹೆತ್ತವಳು ಹೋದಾಗ ಅವನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ, ಬೆಯಾತಾಳ ಮುಖ ಅವನಿಗೆ ಗೋಡೆಯ ಮೇಲಿನ ಫೋಟೋ ಅಷ್ಟೆ, ಆದರೆ ಅಲ್ಲಿ ಒಲೆಯ ಹತ್ತಿರ ಬೆನ್ನು ತಿರುಗಿಸಿ ಕೂತು ಈರುಳ್ಳಿ ಸಿಪ್ಪೆಯ ಕಷಾಯದಲ್ಲಿ ಮೊಟ್ಟೆಗಳಿಗೆ ಬಣ್ಣ ಹಾಕುತ್ತಿದ್ದಾಳಲ್ಲ ಕಿಂಗಾ, ಅವನ ಅಕ್ಕ, ಒಂಬತ್ತು ವರ್ಷದವಳು, ಅವಳಿಗೆ ಎಲ್ಲವೂ ನೆನಪಿದೆ, ಅಮ್ಮನ ಚಪ್ಪಲಿಯ ಸದ್ದಿನವರೆಗೂ ನೆನಪಿದೆ. ವಿಯೆರಾ ಮದುವೆಯಾಗಿ ಈ ಮನೆಗೆ ಬಂದದ್ದು ಕಳೆದ ಶರತ್ಕಾಲದಲ್ಲಿ, ಆಲೂಗಡ್ಡೆ ಅಗೆಯುವ ಹೊತ್ತಿಗೆ, ಅಂದಿನಿಂದ ಇವತ್ತಿನವರೆಗೆ ಹುಡುಗಿ ಅವಳನ್ನು ಏನೆಂದೂ ಕರೆದಿಲ್ಲ, ಚಿಕ್ಕಮ್ಮ ಅಂತಲೂ ಇಲ್ಲ, ಹೆಸರು ಹಿಡಿದೂ ಇಲ್ಲ, ಏನಾದರೂ ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಾಳೆ, ಗೋಡೆಗೆ ಹೇಳಿದ ಹಾಗೆ ಹೇಳುತ್ತಾಳೆ, ಉಪ್ಪು ಮುಗಿದಿದೆ, ಶಾಲೆಗೆ ನೀಲಿ ಕಾಗದ ಬೇಕು. ಬೆಣ್ಣೆ ತೆಗೆಯುವಾಗ ಎಲ್ಲರೂ ಕೈಬಿಡುವುದು ಇಲ್ಲೇ, ಈ ಮೂಕ ಘಟ್ಟದಲ್ಲಿ, ಕೆಟ್ಟೇಹೋಯಿತು ಅಂದುಕೊಳ್ಳುತ್ತಾರೆ, ಒಳಗೆ ಏನೂ ಅಲುಗುವುದಿಲ್ಲ, ತೋಳು ನೋಯುತ್ತದೆ, ಆದರೂ ಅಲ್ಲಾಡಿಸುತ್ತಲೇ ಇರಬೇಕು. ಕೊಡು ಇಲ್ಲಿ ತಿಮೆಕ್, ನಿನ್ನ ತೋಳು ಬಿದ್ದೋಗುತ್ತೆ.

ನಾಳೆ ಈಸ್ಟರ್, ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ಯಲು ಈ ಬೆಣ್ಣೆಯಲ್ಲೇ ಕುರಿಮರಿ ಮಾಡಬೇಕು, ಭರಣಿ ಸೌತೆಕಾಯಿ ಉಪ್ಪಿನಕಾಯಿಯದು, ಮೂರು ಸಲ ಸೋಡಾ ಹಾಕಿ ತೊಳೆದರೂ ಮುಚ್ಚಳದಲ್ಲಿ ಸಬ್ಬಸಿಗೆಯ ವಾಸನೆ ಹಾಗೇ ಕೂತಿದೆ, ಬೆಣ್ಣೆಗೂ ಹತ್ತಿಬಿಟ್ಟರೆ, ಹತ್ತಲಿಕ್ಕಿಲ್ಲ, ಹತ್ತಿದರೆ ಸಬ್ಬಸಿಗೆ ಕುರಿಮರಿ, ಪಾದ್ರಿಗೆ ಗೊತ್ತಾಗುವುದಿಲ್ಲ, ಕಿಂಗಾಗೆ ಗೊತ್ತಾಗುತ್ತದೆ. ಅಂಗಳದಲ್ಲಿ ಗಂಡ ರಾಡೆಕ್ ಪೊರಕೆ ಎಳೆಯುತ್ತಿದ್ದಾನೆ, ಒಳ್ಳೆಯ ಮನುಷ್ಯ, ಆದರೆ ಮಕ್ಕಳ ವಿಷಯ ಬಂದರೆ ಪೊರಕೆ ಹಿಡಿದು ಹೊರಗೆ ಹೋಗುವವನು, ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಂದದ್ದು, ಯಾಕೆ ಇಷ್ಟೆಲ್ಲ ತಲೆನೋವು ವಿಯೆರಾ, ಅಂಗಡೀಲಿ ರೆಡಿ ಸಿಗುತ್ತೆ, ಡಬ್ಬೀಲಿಟ್ಟು ಮಾರ್ತಾರೆ, ಕಣ್ಣು ಕಿವಿ ಎಲ್ಲಾ ಇರುತ್ತೆ. ಹೋದ ವರ್ಷ ತಂದಿದ್ದನಂತೆ, ಅವನೇ ಹೇಳಿದ್ದು, ಆ ಡಬ್ಬಿಯ ಕುರಿಮರಿಯನ್ನು ಕಂಡು ಕಿಂಗಾ ಬುಟ್ಟಿ ಹಿಡಿಯಲೇ ಒಪ್ಪಲಿಲ್ಲ, ಚರ್ಚಿನ ಮುಂದೆ ಊರಿನ ಮಕ್ಕಳೆಲ್ಲ ಬುಟ್ಟಿ ಹಿಡಿದು ಸಾಲಾಗಿ ನಿಂತು ಪಾದ್ರಿಯ ಪವಿತ್ರ ನೀರಿಗೆ ಕಾಯುತ್ತಿದ್ದರೆ ಇವಳು ಕಾರಿನಿಂದ ಇಳಿಯಲೇ ಇಲ್ಲ, ಅದು ಬೆಣ್ಣೆ ಅಲ್ಲ, ಮಾರ್ಗರಿನ್, ಅಂದಿದ್ದಳಂತೆ, ಅಷ್ಟೇ. ಮಧ್ಯಾಹ್ನ ಮೂರಕ್ಕೆ ಚರ್ಚಿಗೆ ಹೋಗಬೇಕು. ಇವತ್ತೂ ಅವಳು ಕಾರಿನಲ್ಲೇ ಕೂತರೆ ವಿಯೆರಾ ಏನು ಮಾಡಬೇಕು, ಏನೂ ಮಾಡುವ ಹಾಗಿಲ್ಲ, ಪರರ ಮಗುವನ್ನು ಒಲಿಸಿಕೊಳ್ಳಲು ಬೆಣ್ಣೆ ಕಡೆಯುವುದೇ ಒಂದು ಬಗೆಯ ಹುಚ್ಚು, ಆದರೂ ಕೈ ಅಲ್ಲಾಡಿಸುತ್ತಿದೆ, ಮೇಲೆ ಕೆಳಗೆ, ಮೇಲೆ ಕೆಳಗೆ, ವಿಯೆರಾಳ ಅವ್ವ ಮರದ ಕಡೆಗೋಲಿನಲ್ಲಿ ಕಡೆಯುತ್ತಿದ್ದಳು, ಮೊಣಕಾಲ ನಡುವೆ ಪೀಪಾಯಿ ಇಟ್ಟುಕೊಂಡು, ಹಾಡು ಗೀಡು ಏನೂ ಇಲ್ಲ, ಅಕ್ಕಪಕ್ಕದವರನ್ನು ಬೈಯುತ್ತಾ ಕಡೆಯುತ್ತಿದ್ದಳು, ಬೈಗುಳ ಮುಗಿಯುವ ಹೊತ್ತಿಗೆ ಬೆಣ್ಣೆ ಬಂದಿರುತ್ತಿತ್ತು.

ಯಾರೋ ಬಂದರು, ಬಾಗಿಲು ತಟ್ಟದೆ ಬರುವವರು ಒಬ್ಬರೇ, ಗೆನ್ಯಾ ಅಜ್ಜಿ, ಪಕ್ಕದ ಮನೆಯವಳು, ಕೆನೆ ಅವಳ ಹಸುವಿನದೇ, ಹೊಸಿಲ ಮೇಲೆ ನಿಂತು ನೋಡುತ್ತಾಳೆ, ಬೂಟಿನ ತುಂಬ ಕೆಸರು, ಓ, ಬೆಣ್ಣೆ ಕಡೀತಿದೀರಾ, ನಾನು ಬರಬಾರದ ಹೊತ್ತಲ್ಲಿ ಬಂದೆ, ಕೊಡಮ್ಮ ಇಲ್ಲಿ, ಒಂದು ಕೈ ಹಾಕಿ ಹೋಗ್ತೀನಿ, ಇಲ್ದಿದ್ರೆ ನಿಮ್ಮ ಬೆಣ್ಣೆ ನನ್ನ ಹಿಂದೇನೇ ಎದ್ದು ಬರುತ್ತೆ, ನಾಳೆ ಹಬ್ಬದ ದಿನ ಊರೆಲ್ಲಾ ನನ್ನ ಕಳ್ಳಿ ಅಂತಾರೆ. ಬೆಣ್ಣೆ ಕಡೆಯುವ ಮನೆಗೆ ಕಾಲಿಟ್ಟವರು ಒಂದು ಕೈ ಹಾಕಲೇಬೇಕು, ಅವ್ವನ ಊರಲ್ಲೂ ಹೀಗೇ, ದೇವರು ಒಬ್ಬನೇ, ಚರ್ಚು ಎರಡು, ಇಲ್ಲಿಯವರದು ಕ್ಯಾಥೊಲಿಕ್, ಅವ್ವನದು ಆರ್ಥೊಡಾಕ್ಸ್, ಬೆಣ್ಣೆಯ ನಿಯಮ ಮಾತ್ರ ಎಲ್ಲ ಕಡೆ ಒಂದೇ. ಮುದುಕಿ ಭರಣಿ ಅಲ್ಲಾಡಿಸುತ್ತಾಳೆ, ಎದೆ, ಗಲ್ಲ, ತಲೆಗೆ ಕಟ್ಟಿದ ವಸ್ತ್ರ ಎಲ್ಲವೂ ಕೂಡಿ ಅಲ್ಲಾಡುತ್ತದೆ, ತಿಮೆಕ್ ನಕ್ಕು ನಕ್ಕು ಮೇಜಿನ ಕೆಳಗೆ ಸೇರಿದ, ನಗು ಕಣೋ ನಗು, ನಿನ್ನ ಹಲ್ಲು ಬೀಳಲಿ ಆಮೇಲೆ ನಾನು ನಗ್ತೀನಿ, ಆಮೇಲೆ ಒಲೆಯ ಕಡೆ ತಿರುಗಿ, ಏನೇ ಕಿಂಗಾ ಮಹಾರಾಣಿ, ನೀನೊಬ್ಬಳೇ ಕೈ ಹಾಕಿಲ್ವಾ, ನನಗೆ ಮೊಟ್ಟೆ ಕೆಲಸ ಇದೆ ಅಜ್ಜಿ, ಮೊಟ್ಟೆ ಎಲ್ಲಿಗೂ ಓಡಿಹೋಗಲ್ಲ ಕಣೇ, ಬೆಣ್ಣೆ ಓಡಿಹೋಗುತ್ತೆ. ಆಮೇಲೆ ವಿಯೆರಾಳನ್ನು ಮೇಲಿಂದ ಕೆಳಗೆ ನೋಡಿ ನಾಲಗೆ ಲೊಚಗುಟ್ಟಿದಳು, ಅಯ್ಯೋ, ಎಷ್ಟು ಬಡವಾಗಿದೀಯೇ, ನಿಮ್ಮವರ ಈಸ್ಟರ್ ಇನ್ನೂ ತಿಂಗಳಾಚೆ, ಅಲ್ಲೀವರೆಗೂ ಬರೀ ಆಲೂಗಡ್ಡೆ ಮೇಲೇ ಇರ್ತೀಯಾ, ಈ ಮನೇಲಿ ಎರಡೆರಡು ಈಸ್ಟರ್, ನಿನ್ನ ಹೊಟ್ಟೆಗೆ ಮಾತ್ರ ಒಂದೂ ಇಲ್ಲ. ನಕ್ಕಳು ವಿಯೆರಾ, ಉಪವಾಸ ಮುಗಿಯುವವರೆಗೆ ಹಾಲು ಬೆಣ್ಣೆ ಮೊಟ್ಟೆ ಮಾಂಸ ಯಾವುದೂ ಬಾಯಿಗೆ ಹೋಗುವಂತಿಲ್ಲ, ಆಲೂಗಡ್ಡೆ, ಅಗಸೆ ಎಣ್ಣೆ, ಹುಳಿ ಎಲೆಕೋಸು, ಅಭ್ಯಾಸ ಅಜ್ಜಿ, ಕಷ್ಟ ಏನಿಲ್ಲ, ಕಷ್ಟ ಇದೆ, ಬೆಳಿಗ್ಗೆ ಮಕ್ಕಳಿಗೆ ಬ್ರೆಡ್ಡಿಗೆ ಚೀಸ್ ಇಡುವಾಗ ಬೆರಳು ನೆಕ್ಕದೆ ಒರೆಸಿಕೊಳ್ಳುವುದು ಕಷ್ಟವೇ.

ಅವ್ವ ಮದುವೆಯ ದಿನ ಅತ್ತಿರಲಿಲ್ಲ, ಅತ್ತಿದ್ದರೆ ಚೆನ್ನಾಗಿರುತ್ತಿತ್ತು, ಆ ಕ್ಯಾಥೊಲಿಕ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೈಚೀಲ ಮಡಿಲಲ್ಲಿಟ್ಟು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು, ಹೊರಗೆ ಬಂದ ಮೇಲೆ ಮಗಳ ಗಲ್ಲ ಹಿಡಿದು ಅಂದದ್ದು, ಅವರ ಪಾದ್ರಿ ಮುಂದೇನೇ ಮದುವೆ ಆದೆ, ಮಕ್ಕಳೂ ಅವರದೇ, ಇರಲಿ, ನಾನೇನೂ ಅನ್ನಲ್ಲ, ಉಪವಾಸ ಒಂದನ್ನಾದರೂ ನಿಂದು ಅಂತ ಉಳಿಸ್ಕೋ ಮಗಳೇ, ಬಾಯಿ ಕಟ್ಟೋದನ್ನ ಯಾರೂ ನಿನ್ನಿಂದ ಕಿತ್ಕೊಳ್ಳೋಕಾಗಲ್ಲ. ಉಳಿಸಿಕೊಳ್ಳುತ್ತೇನವ್ವಾ ಅಂದಿದ್ದಳು, ಮಾತು ಕೊಟ್ಟಾಗಿದೆ, ಈ ಮನೆಯಲ್ಲಿ ತಟ್ಟೆ ಬೆಯಾತಾಳದು, ಪರದೆ ಬೆಯಾತಾಳದು, ಮಕ್ಕಳು ಬೆಯಾತಾಳವು, ಹಬ್ಬ ರಾಡೆಕ್‌ನ ಮನೆತನದ್ದು, ಅವಳದು ಅಂತ ಇರುವುದು ಕಪಾಟಿನ ಮೇಲಿನ ಪುಟ್ಟ ದೇವರ ಚಿತ್ರ ಮತ್ತು ಈ ಬರಿದಾದ ಹೊಟ್ಟೆ. ಅದರ ಮೇಲೆ ಅವಳಿಗೆ ಒಂಥರಾ ಜಂಬವೂ ಇದೆ, ಒಪ್ಪಿಕೊಳ್ಳಬೇಕು. ಡುಬುಕ್ ಅಂತ ಸದ್ದು, ಬಂತು, ಭರಣಿಯೊಳಗೆ ಏನೋ ಉಂಡೆ ಗಾಜಿಗೆ ಬಡಿಯಿತು, ಸುತ್ತ ಮಜ್ಜಿಗೆ ಚಿಮ್ಮಿತು, ತಿಮೆಕ್ ಮೇಜಿನಡಿಯಿಂದ ಎದ್ದು ಬಂದ, ಬದುಕ್ತು, ಚಿಕ್ಕಮ್ಮಾ ಬದುಕ್ತು, ಗೆನ್ಯಾ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು ಕೆಸರು ಬೂಟಿನಲ್ಲೇ ಹೊರಟುಹೋದಳು, ತೊಳೆಯೋದು ಚೆನ್ನಾಗಿ ತೊಳಿ, ನಾಲಗೆಗೆ ಹಾಕಿ ನೋಡು, ಹುಳಿ ಉಳಿದ್ರೆ ಕುರಿಮರಿ ನಾಳೆಗೇ ನಾರುತ್ತೆ.

ತಣ್ಣೀರು, ಬಾವಿಯದು, ಬೆರಳು ಮರಗಟ್ಟುವಷ್ಟು ತಣ್ಣೀರು, ಮೊದಲ ನೀರು ಹಾಲಿನ ಹಾಗೆ, ಎರಡನೆಯದು ಅಕ್ಕಿ ತೊಳೆದ ನೀರಿನ ಹಾಗೆ, ಹಿಂಡಿ ಮಡಚಿ ಮತ್ತೆ ಹಿಂಡಿ, ಈಗ ತಿಳಿಯಾಗುತ್ತಿದೆ, ಆದರೆ ಸಾಕೋ ಸಾಲದೋ ನಾಲಗೆ ತಾನೇ ಹೇಳಬೇಕು, ಅವಳ ನಾಲಗೆಗೆ ಬೀಗ, ತಿಮೆಕ್ ಬಾ ಇಲ್ಲಿ, ಸ್ವಲ್ಪ ರುಚಿ ನೋಡು, ಅವನು ಬಾಯಿ ತೆರೆದುಕೊಂಡೇ ಓಡಿಬಂದ, ಇವನಿಗೆ ಗೋಡೆಯ ಸುಣ್ಣ ಕೊಟ್ಟರೂ ಚೆನ್ನಾಗಿದೆ ಅನ್ನುತ್ತಾನೆ, ಆಗ ತಿರುಗಿಯೂ ನೋಡದೆ ಒಲೆಯ ಕಡೆಯಿಂದ ಕಿಂಗಾ, ನೆಕ್ಕಬೇಡ! ಅದು ಬುಟ್ಟಿಗೆ ಹೋಗೋದು! ಹುಡುಗನ ನಾಲಗೆ ಒಳಗೆ ಹೋಯಿತು. ಸರಿ, ವಿಯೆರಾ ಮೂಸಿ ನೋಡಿದಳು, ಸಬ್ಬಸಿಗೆ ಇಲ್ಲ, ಹುಳಿ ಇಲ್ಲ, ಹುಲ್ಲಿನ ವಾಸನೆ, ಇನ್ನೊಂದು ಸಲ ತೊಳೆದು ಸಂತೆಯಲ್ಲಿ ಕೊಂಡ ಮರದ ಅಚ್ಚನ್ನು ಚೀಲದಿಂದ ತೆಗೆದಳು, ಎರಡು ಹೋಳಿನ ಕುರಿಮರಿ, ಒತ್ತಿ ತೆಗೆದರೆ ಆಯಿತು, ಆಗ ಪಕ್ಕದಲ್ಲಿ ಕಿಂಗಾ ನಿಂತಿದ್ದಳು, ಯಾವಾಗ ಬಂದಳೋ, ಹಂಗಲ್ಲ. ಮತ್ತೆ ಹೆಂಗೆ? ಅಮ್ಮ ಅಚ್ಚಲ್ಲಿ ಮಾಡ್ತಿರ್ಲಿಲ್ಲ, ಚಾಕೂಲಿ ಮಾಡ್ತಿದ್ಲು. ಹಾಗಾದ್ರೆ ನೀನೇ ತೋರಿಸು, ನನಗೆ ಬರಲ್ಲ. ಬರುವುದಿಲ್ಲ ಅಂದದ್ದು ನಿಜವೇ, ಅವ್ವನ ಊರಲ್ಲಿ ಬೆಣ್ಣೆಯನ್ನು ಗುಡ್ಡೆ ಮಾಡಿ ಚಮಚದ ಬೆನ್ನಿನಿಂದ ಶಿಲುಬೆ ಒತ್ತುತ್ತಿದ್ದರು. ಹುಡುಗಿ ಅಂಗಿಯ ತೋಳು ಮಡಚಿದಳು, ಒಂದು ಹಿಡಿ ಬೆಣ್ಣೆ ಮೈಗೆ, ಅದಕ್ಕಿಂತ ಸಣ್ಣದು ತಲೆಗೆ, ಚಾಕು ನೀರಿಗೆ ಅದ್ದಿ ಅದ್ದಿ ಕೆತ್ತುತ್ತಾಳೆ, ತುಟಿ ಕಚ್ಚಿಕೊಂಡು, ಹಿಡ್ಕೊಳ್ಳಿ ಇಲ್ಲಿ, ಕತ್ತು ಬೀಳುತ್ತೆ, ವಿಯೆರಾ ಎರಡು ಬೆರಳಲ್ಲಿ ಕತ್ತು ಹಿಡಿದಳು, ಉಳಿದ ಬೆಣ್ಣೆಯನ್ನು ಚಹಾ ಜರಡಿಗೆ ಹಾಕಿ ಒತ್ತಿದಾಗ ಸಣ್ಣ ಸಣ್ಣ ಎಳೆಯಾಗಿ ಉಣ್ಣೆ ಹೊರಬಂತು, ಚಾಕುವಿನ ತುದಿಯಲ್ಲಿ ಎತ್ತಿ ಎತ್ತಿ ಮೈತುಂಬ ಹೊದಿಸಿದರು, ಕರಿಮೆಣಸಿನ ಕಣ್ಣು, ಒಂದು ಮೇಲೆ ಒಂದು ಕೆಳಗೆ, ನಾಯಿ, ಅಂದ ತಿಮೆಕ್, ಇದು ಗೆನ್ಯಾ ಅಜ್ಜಿ ನಾಯಿ, ಸುಮ್ನಿರೋ ಕೋತಿ, ಅಂದಳು ಅಕ್ಕ, ಅವಳ ತುಟಿಯ ಒಂದು ಮೂಲೆ ಮೇಲೆ ಹೋಯಿತು, ವಿಯೆರಾ ಆ ಮೂಲೆಯನ್ನು ನೋಡಿ ಥಟ್ಟನೆ ತಲೆ ತಗ್ಗಿಸಿದಳು, ಕಂಡಿದ್ದು ಗೊತ್ತಾದರೆ ಮಾಯವಾದೀತು, ಅಷ್ಟು ಸಂತೋಷವಾಗಿತ್ತು ಅವಳಿಗೆ.

ಮುಗಿಯಿತು, ತಟ್ಟೆಯಲ್ಲಿ ಕುರಿಮರಿ, ಕುತ್ತಿಗೆಗೆ ಕೆಂಪು ದಾರ, ಸುತ್ತ ಹಸಿರು ಎಲೆ, ಇನ್ನು ಪಾತ್ರೆ ತೊಳೆಯಬೇಕು, ರಾಡೆಕ್‌ನ ಅಂಗಿ ಇಸ್ತ್ರಿ ಮಾಡಬೇಕು, ಚಾಕುವಿನಲ್ಲಿ ಅಂಟಿದ ಬೆಣ್ಣೆಯನ್ನು ಕಿಂಗಾ ತೋರುಬೆರಳಿನಿಂದ ಒರೆಸಿ ತೆಗೆದಳು, ಆ ಬೆರಳು ಅವಳ ಬಾಯಿಗೆ ಹೋಗಲಿಲ್ಲ, ವಿಯೆರಾಳ ಮುಖದ ಮುಂದೆ ಬಂದು ನಿಂತಿತು. ಚಾಕುಗೆ ಹತ್ತಿದ್ದು ಬುಟ್ಟಿಗೆ ಹೋಗಲ್ಲ, ಅದು ಬೆಣ್ಣೆ ತೆಗೆದವರದ್ದು, ಅಮ್ಮ ಹಂಗೇ ಹೇಳ್ತಿದ್ಲು, ಅಮ್ಮಂಗೆ ನಾನೇ ತಿನ್ನಿಸ್ತಿದ್ದೆ. ಈರುಳ್ಳಿ ಸಿಪ್ಪೆಯ ಬಣ್ಣ ಹತ್ತಿದ ಕಂದು ಬೆರಳು, ಕಚ್ಚಿ ಕಚ್ಚಿ ಗಿಡ್ಡವಾದ ಉಗುರು, ತುದಿಯಲ್ಲಿ ಒಂದು ಚೂರು ಬೆಣ್ಣೆ. ಉಪವಾಸ ಪುಟ್ಟಾ ಅನ್ನಬಹುದು, ಮಗು ಅರ್ಥ ಮಾಡಿಕೊಂಡೀತು, ಈಗ ತಾನೇ ಅಜ್ಜಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಾಳೆ, ಕೇಳಿಸಿಕೊಂಡೂ ಚಾಚಿದ್ದಾಳೆಯೇ, ಮರೆತು ಚಾಚಿದ್ದಾಳೆಯೇ, ಪರೀಕ್ಷೆಯೇ — ಯಾವುದಾದರೇನು, ಬೇಡ ಅಂದರೆ ಆ ಬೆರಳು ಹಿಂದಕ್ಕೆ ಹೋಗುತ್ತದೆ, ಒಂದು ಸಲ ಹೋದರೆ ಮತ್ತೆ ಯಾವ ಹಬ್ಬಕ್ಕೂ ಈಚೆ ಬರುವುದಿಲ್ಲ, ಇದು ಬೆಯಾತಾಳ ಪಾಲು, ಬೇರೆ ಯಾರಿಗೂ ಕೊಟ್ಟಿರದ ಪಾಲು, ಬೆರಳು, ತುದಿಯಲ್ಲಿ ಬೆಣ್ಣೆ. ಬಾಯಿ ಕಟ್ಟೋದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ, ಕಿತ್ತುಕೊಳ್ಳುತ್ತಿಲ್ಲವ್ವಾ, ಕೊಡುತ್ತಿದ್ದಾಳೆ, ನಿನಗೆ ನಾನೇ ಫೋನು ಮಾಡಿ ಹೇಳುತ್ತೇನೆ, ಬೈಯಿ, ಕಡೆಯುವಾಗ ಬೈಯುತ್ತಿದ್ದೆಯಲ್ಲ ಹಾಗೇ ಬೈಯಿ, ಮಾತು ಮುರಿದೆ ಅನ್ನು, ಮುರಿದೆ, ಹೌದು, ನೋವಾಗುತ್ತಿದೆ, ಉಳಿಸಿಕೊಂಡಿದ್ದ ಒಂದೇ ಒಂದು — ಕಂದು ಬೆರಳು ಇನ್ನೂ ಚಾಚಿಯೇ ಇದೆ, ಒಲೆಯ ಬಿಸಿಗೆ ಬೆಣ್ಣೆಯ ಅಂಚು ಕರಗಿ ಹೊಳೆಯುತ್ತಿದೆ, ಬೀಳುತ್ತದೆ ಈಗ, ಬಿದ್ದೇ ಬೀಳುತ್ತದೆ, ತಗೊಳ್ಳಿ ಬೇಗ, ಕಂದು ಬೆರಳು, ಗಿಡ್ಡ ಉಗುರು, ತುದಿಯಲ್ಲಿ ಬೆಣ್ಣೆ, ವಿಯೆರಾ ಬಗ್ಗಿ ಬಾಯಿ ತೆರೆದಳು, ನಾಲಗೆಯ ಮೇಲೆ ಆ ಬೆರಳು, ತಣ್ಣಗೆ, ಈರುಳ್ಳಿಯ ವಾಸನೆ, ಬೆಣ್ಣೆ ಕರಗುತ್ತಿದೆ, ಆ ಬೆರಳು ಇನ್ನೂ ಅಲ್ಲೇ ಇದೆ.