ಎಡೆಯ ಮುಂದೆ ಕೂತವಳು

ಬಾಗಿಲ ಸಂದಿಯಿಂದ ಊದುಬತ್ತಿಯ ಹೊಗೆ, ಅದರ ಹಿಂದೆಯೇ ಕೋಳಿ ಸಾರಿನ ವಾಸನೆ, ಅವ್ವ ಇಷ್ಟು ಹೊತ್ತಿಗೆ ಬಂದಿರಬೇಕು — ಬಂದು ನೋಡಿದರೆ ತನ್ನ ಎಡೆಯ ಮುಂದೆ ಇನ್ನಾವಳೋ ಪಟವಾಗಿ ಕೂತಿದ್ದಾಳೆ, ಮುತ್ತಿನ ಮೂಗುತಿಯವಳು, ಬೆಣ್ಣೆಯಂಥ ತೋಳಿನವಳು, ಮುನಿವೆಂಕಟಮ್ಮನಿಗೆ ಮೈಯೆಲ್ಲ ಉರಿಯುತ್ತಿದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಅವರು ನೆಮ್ಮದಿಯಾಗಿ ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಹೊರಗೆ ಕೂರುವುದು ಯಡಿಯೂರಿನಲ್ಲಿ ಹೊಲವಿದ್ದಾಗಿನಿಂದ ನಡೆದುಬಂದದ್ದು, ಆಗ ಪಟ ಎಲ್ಲಿತ್ತು, ಒಂದು ಕಳಸ, ಅದಕ್ಕೊಂದು ಹೊಸ ಸೀರೆ, ಹಿರಿಯರಿಗೆ ತಮ್ಮ ಜಾಗ ತಮಗೇ ಗೊತ್ತಾಗುತ್ತಿತ್ತು, ಈಗ ಅವಳ ತಮ್ಮ ಗಂಗಾಧರಯ್ಯನವರು ದೊಡ್ಡ ಮನುಷ್ಯರು, ಹುರುಳಿ ಬೆಳೆದ ನೆಲ ಬಡಾವಣೆಯಾಯಿತು, ಮೊಸಾಯಿಕ್ ನೆಲದ ಮನೆ ಎದ್ದಿತು, ಮಹಡಿಗೆ ಬಾಡಿಗೆಯವರು ಬಂದರು, ಇನ್ನು ಗೋಡೆಯ ಮೇಲೊಬ್ಬಳು ತಾಯಿ ಬೇಡವೇ. ಅವ್ವಂದು ಒಂದು ಫೋಟೋನಾದ್ರೂ ಇತ್ತೇನಕ್ಕ, ಬಂದೋರೆಲ್ಲ ಕೇಳ್ತಾರೆ, ಏನ್ ತೋರಿಸ್ಲಿ, ಫೋರ್ತ್ ಬ್ಲಾಕ್‌ನಲ್ಲಿ ಪಟಕ್ಕೆ ಕಟ್ಟು ಹಾಕೋ ಅಂಗಡೀಲಿ ಇದು ಕಾಣಿಸ್ತು, ಕಣ್ಣು ಥೇಟ್ ಅವ್ವಂದೇ — ಕಣ್ಣಂತೆ ಕಣ್ಣು! ಅದು ಅರ್ಧ ಮುಚ್ಚಿಕೊಂಡು ಕಟಕಟೆಗೊರಗಿ ಯಾವನಿಗೋ ಕಾಯುತ್ತಿರುವ ಕಣ್ಣು, ಅವ್ವನಿಗೆ ಒರಗುವುದಕ್ಕೆ ಪುರಸೊತ್ತೆಲ್ಲಿತ್ತು, ಒರಗಿದ್ದು ಸತ್ತ ದಿನ. ಅದರ ಕೆಳಗೆ ಬಿಳಿ ಬಣ್ಣದಲ್ಲಿ ಬರೆಸಿಯೂ ಬಿಟ್ಟಿದ್ದಾನೆ, ಬೈರಮ್ಮ, ಮರಣ ೧೯೭೮, ನಾಚಿಕೆಗೆಟ್ಟವನು.

ಅತ್ತೆ, ಇದು ನೂರು ವರ್ಷದ ಹಿಂದೆ ಯಾರೋ ದೊಡ್ಡ ಆರ್ಟಿಸ್ಟು ಅರಮನೆಗೆ ಅಂತ ಬರೆದ ಪೇಂಟಿಂಗಿನ ಪ್ರಿಂಟು, ಕೈ ಮೇಲೆ ಲೈಟ್ ಹೇಗೆ ಬಿದ್ದಿದೆ ನೋಡಿ, ಸಖತ್ತಾಗಿದೆ ಅಲ್ವಾ — ತಮ್ಮನ ಮಗಳು ಚೂಡಾಮಣಿ, ಕಾಲೇಜಿಗೆ ಹೋಗುವವಳು, ಅಜ್ಜಿಯಲ್ಲವೆಂದು ಗೊತ್ತಿದ್ದೂ ಕುಂಕುಮ ಇಟ್ಟು ಕೈಮುಗಿದಳು, ಮಹಡಿಯ ಗಿರಿಜಾದೇವಿ ಬಂದು ನಿಮ್ಮ ತಾಯಿ ಎಷ್ಟು ಲಕ್ಷಣವಾಗಿದ್ರು ರೀ ಎಂದರೆ ಗಂಗಾಧರ ಹೂಂ ಅಂದ, ಆ ಹೂಂಗೆ ಅವನ ಕೆನ್ನೆಗೆ ಬಾರಿಸಬೇಕಿತ್ತು. ಆ ಚಿತ್ರ ಬರೆದವನಿಗೂ ಬಾರಿಸಬೇಕು, ಅವನ ಮುಂದೆ ನಿಂತ ಹೆಂಗಸಾದರೂ ಹೀಗಿದ್ದಳೇ, ನಿಂತು ನಿಂತು ಕಾಲು ನೋಯಲಿಲ್ಲವೇ, ಅವಳ ಕತ್ತಿನ ಬೆವರನ್ನೂ ಕೈಯ ಗಾಯವನ್ನೂ ಒರೆಸಿಹಾಕಿ ಬೆಳದಿಂಗಳು ಬಳಿದಿರಬೇಕು, ಅವಳ ಮಗಳೂ ಇದನ್ನು ನೋಡಿ ಹೀಗೇ ಉರಿದುಕೊಂಡಳೋ ಏನೋ. ಅವ್ವನ ಕೈ ಕಪ್ಪು, ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಹಚ್ಚೆ, ಹಚ್ಚೆಯ ನಡುವೆ ಮುದ್ದೆ ತೊಳಸುವಾಗ ಸುಟ್ಟುಕೊಂಡ ಕಲೆ, ಒಡವೆಯಾದ್ರೆ ಬಿಚ್ಕೋತಾರೆ ಕಣೇ, ಇದನ್ನ ಯಾರು ಬಿಚ್ಕೋತಾರೆ ಎಂದು ನಗುತ್ತಿದ್ದಳು — ಬಿಚ್ಚಿಕೊಂಡರಲ್ಲವ್ವ, ನಿನ್ನ ಮಗನೇ ಬಿಚ್ಚಿಕೊಂಡ. ಈಗ ಒಳಗೆ ಬಂದು ಹೊಸ್ತಿಲಲ್ಲೇ ನಿಂತಿರುತ್ತಾಳೆ, ಯಾರೋ ಶ್ರೀಮಂತರ ಮನೆ, ತಪ್ಪಿ ಬಂದೆ ಎಂದುಕೊಂಡು, ದೊಡ್ಡವರ ಎದುರು ಎಂದೂ ಕೂತವಳಲ್ಲ, ಸೆರಗು ಹೊದ್ದು ಹಾಗೇ ಹಸಿದು ಹೊರಟುಬಿಡುತ್ತಾಳೆ.

ಇಲ್ಲ, ಹೋಗಗೊಡುವುದಿಲ್ಲ. ಮುನಿವೆಂಕಟಮ್ಮ ಎದ್ದಳು, ಚಿಲಕಕ್ಕೆ ಕೈ ಹಾಕಿದಳು, ಅಕ್ಕ ಅಕ್ಕ ಇನ್ನೂ ತೆಗೀಬೇಡ, ಅವ್ವ ಉಣ್ತಿರ್ತಾಳೆ — ಯಾವ ಅವ್ವನೋ ಉಣ್ತಿರೋದು, ಹೇಳೋ ಗಂಗಾ, ಯಾವ ಅವ್ವ? ಆ ಪಟ ಕಿತ್ತು ಹಿತ್ತಲಿಗೆ ಎಸೆಯುತ್ತೇನೆ, ಬರೀ ಕಳಸ ಸಾಕು, ಅವ್ವನನ್ನು ನಾನೇ ಕೂರಿಸುತ್ತೇನೆ, ಕಣ್ಣು ಮುಚ್ಚಿದರೆ ಸಾಕು, ಚಿಲಕ ಹಿಡಿದಂತೆಯೇ ಮುಚ್ಚಿದಳು, ಬಾರವ್ವ, ಕೂತ್ಕೋ, ಅವ್ವ ಕೂರುತ್ತಾಳೆ, ಮುದ್ದೆ ಮುರಿಯಲು ಕೈ ಚಾಚುತ್ತಾಳೆ — ಬೆಣ್ಣೆಯಂಥ ಕೈ. ಅಲ್ಲ. ಮತ್ತೆ ಮೊದಲಿನಿಂದ, ಕೊಟ್ಟಿಗೆ, ಸಗಣಿ ಬುಟ್ಟಿ, ಬೆನ್ನು ಅವ್ವನದೇ, ಸೀರೆಯೂ ಅವ್ವನದೇ, ಏಯ್ ಮುನೀ ಎನ್ನುತ್ತಾಳೆ, ಅದೇ ದನಿ, ಈಗ ತಿರುಗುತ್ತಾಳೆ — ಮುತ್ತಿನ ಮೂಗುತಿ. ಅಲ್ಲ, ಅವ್ವ, ನೀನಲ್ಲ, ಕೈ ತೋರಿಸು, ಕೈಯಾದರೂ ತೋರಿಸು, ಕಪ್ಪು ಕೈ, ಹಸಿರು ಹಚ್ಚೆ, ಹಚ್ಚೆಯಲ್ಲಿ ಏನಿತ್ತು, ಚೇಳೋ, ಬಳ್ಳಿಯೋ, ಏನಿತ್ತು — ಮುದ್ದೆಯ ಮೇಲೆ ಒಂದು ಬಿಳಿ ಕೈ, ನುಣ್ಣಗೆ, ಒಂದೂ ಕಲೆಯಿಲ್ಲ.